ಅರ್ಧ ಮೈಗಳ್ಳ

ಇಸ್ತ್ರಿ ಹಾಕುವುದು ಬಲಗೈ ಕೆಲಸ ಎಂದು ಜನ ತಿಳಿದುಕೊಂಡಿದ್ದಾರೆ. ಶುದ್ಧ ತಪ್ಪು. ಬಲಗೈ ಪೆಟ್ಟಿಗೆಯನ್ನು ತಳ್ಳುತ್ತದೆ ಅಷ್ಟೆ. ತಳ್ಳುವುದಕ್ಕೇನು, ಕತ್ತೆಯೂ ತಳ್ಳೀತು. ಬಟ್ಟೆಯನ್ನು ಹದವಾಗಿ ಎಳೆದು, ಸುಕ್ಕನ್ನು ಸವರಿ ಓಡಿಸಿ, ಕಾದ ಪೆಟ್ಟಿಗೆ ಬರುವ ಹೊತ್ತಿಗೆ ದಾರಿ ಸಪಾಟು ಮಾಡಿ ಇಡುವುದು ಎಡಗೈ. ನನ್ನ ತಮ್ಮನ ಎಡಗೈ ಅಂಥದ್ದು. ಅವನು ಮಡಿಸಿ ಕೊಟ್ಟ ಅಂಗಿಯನ್ನು ಬಿಚ್ಚುವುದಕ್ಕೇ ಮನಸ್ಸು ಬರುವುದಿಲ್ಲ ಎಂದು ಗಿರಾಕಿಗಳು ಹೇಳುತ್ತಿದ್ದರು. ಮನಸ್ಸು ಬರದಿದ್ದರೆ ಇಲ್ಲೇ ಬಿಟ್ಟುಹೋಗಿ, ನಾನೇ ಹಾಕಿಕೊಳ್ಳುತ್ತೇನೆ ಎಂದು ಅವನು ಒಳಗಿನಿಂದ ಕೂಗುತ್ತಿದ್ದ.

ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಮುಂದೆ ಕೌಂಟರು, ಅಲ್ಲಿ ನಾನು. ಪರದೆಯ ಹಿಂದೆ ಇಸ್ತ್ರಿ ಮೇಜುಗಳು, ಅಲ್ಲಿ ತಮ್ಮ ಮತ್ತು ಅವನ ಹೆಂಡತಿ. ಅದರ ಹಿಂದೆ ಒಗೆಯುವ ಯಂತ್ರಗಳು, ಮೇಲೆ ಮನೆ. ಎದುರು ಸಾಲಿನ ಹೋಟೆಲುಗಳ ಹಾಸಿಗೆ ಚಾದರ, ದಿಂಬಿನ ಚೀಲ ಎಲ್ಲ ನಮ್ಮಲ್ಲಿಗೇ ಬರುತ್ತವೆ. ಅಪ್ಪ ಕಟ್ಟಿದ ಅಂಗಡಿ ಇದು. ಅಮ್ಮ ಬೇಗ ಹೋದಳು, ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ನೀವ್ಯಾಕೆ ಮದುವೆಯಾಗಲಿಲ್ಲ ಎಂದು ಕೇಳುವವರಿಗೆ, ಇಷ್ಟು ಗಂಡಸರ ಪ್ಯಾಂಟು ನೋಡಿದ ಮೇಲೆ ಯಾರ ಮೇಲೂ ಗೌರವ ಉಳಿಯಲಿಲ್ಲ ಎಂದು ಹೇಳುತ್ತೇನೆ.

ನಮ್ಮ ಮನೆಯಲ್ಲಿ ಮಾತು ಎಂದರೆ ಕಾಲೆಳೆಯುವುದು. ಪ್ರೀತಿಯನ್ನು ಯಾರಾದರೂ ನೇರವಾಗಿ ಹೇಳಿದರೆ, ಇವರಿಗೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುವ ಜಾತಿ ನಮ್ಮದು. ಅಪ್ಪ ಹಾಗೇ ಇದ್ದ. ಸಾಯುವ ವಾರವೂ, ನನ್ನ ಮೇಲೆ ಹೊದಿಸುವ ಬಟ್ಟೆಗೆ ಗಂಜಿ ಜಾಸ್ತಿ ಹಾಕಬೇಡಿ, ಕುತ್ತಿಗೆ ತುರಿಸುತ್ತದೆ ಎಂದಿದ್ದ. ನಾವು ಅಳುತ್ತಲೇ ನಕ್ಕಿದ್ದೆವು.

ಅಪ್ಪನನ್ನು ತಿಂದದ್ದು ಶ್ವಾಸಕೋಶದ ಕ್ಯಾನ್ಸರ್. ಸಿಗರೇಟು ಸೇದುತ್ತಿದ್ದ, ಕೆಮ್ಮುತ್ತಿದ್ದ, ಕೊನೆಗೆ ಕರ್ಚೀಫಿನಲ್ಲಿ ರಕ್ತ. ಆ ಕರ್ಚೀಫುಗಳನ್ನು ಒಗೆದವಳು ನಾನೇ. ಆ ಕೆಮ್ಮು ಮತ್ತೊಮ್ಮೆ ನಮ್ಮ ಮೆಟ್ಟಿಲು ಹತ್ತಬಾರದು ಎಂದು ಅವತ್ತೇ ಹಟ ತೊಟ್ಟೆ. ತಮ್ಮ ಸಿಗರೇಟು ಮುಟ್ಟಿದರೆ ಕೈ ಮುರಿಯುತ್ತೇನೆ ಎಂದಿದ್ದೆ, ಅವನು ಮುಟ್ಟಲಿಲ್ಲ. ಆದರೂ ನನಗೆ ಸಮಾಧಾನವಿಲ್ಲ. ಪರದೆಯ ಹಿಂದೆ ಅವನು ಗಂಟಲು ಸರಿಮಾಡಿಕೊಂಡರೂ ಸಾಕು, ನನ್ನ ಕೈಯ ಕೆಲಸ ನಿಲ್ಲುತ್ತಿತ್ತು. ಅದು ಅವನಿಗೂ ಗೊತ್ತು. ಬೇಜಾರಾದಾಗಲೆಲ್ಲ ಸುಳ್ಳು ಕೆಮ್ಮು ಕೆಮ್ಮಿ, ನಾನು ಓಡಿ ಬಂದು ಪರದೆ ಸರಿಸಿದರೆ, ಏನಿಲ್ಲ ಅಕ್ಕ, ನಿನ್ನ ಮುಖ ನೋಡಬೇಕು ಅನ್ನಿಸಿತು ಎನ್ನುತ್ತಿದ್ದ. ಒದ್ದೆ ಟವೆಲಿನಿಂದ ಬಾರಿಸುತ್ತಿದ್ದೆ.

ಹೀಗೆ ವರ್ಷಗಟ್ಟಲೆ ಕಿವಿ ಇಟ್ಟು ಕಾದೆ. ಬರಬೇಕಾದರೆ ಕೆಮ್ಮಿಕೊಂಡೇ ಬರುತ್ತದೆ ಎಂದು ನಂಬಿದ್ದೆ. ಅದು ಬಂದದ್ದು ಭುಜದಿಂದ.

ಎಡ ಭುಜದ ಮೇಲ್ಭಾಗದಲ್ಲಿ, ಹೆಗಲ ಮೂಳೆಯ ಒಳಗಡೆ ಎಲ್ಲೋ ನೋವು ಅಂದ. ಇಸ್ತ್ರಿಯವನಿಗೆ ಭುಜ ನೋಯುವುದು ಸುದ್ದಿಯೇ ಅಲ್ಲ. ನೋವಿನ ಮುಲಾಮು ಹಚ್ಚಿದೆವು. ದಪ್ಪ ಟವೆಲಿಗೆ ಇಸ್ತ್ರಿ ಹಾಕಿ ಬಿಸಿ ಇರುವಾಗಲೇ ಅವನ ಹೆಂಡತಿ ಭುಜದ ಮೇಲೆ ಒತ್ತುತ್ತಿದ್ದಳು. ಮೂಲೆಯ ಔಷಧಿ ಅಂಗಡಿಯವನು ಮಾತ್ರೆ ಕೊಟ್ಟ. ಆಮೇಲೆ ನೋವು ತೋಳಿನ ಒಳಬದಿಗೆ ಇಳಿದು ಕಿರುಬೆರಳಿನ ತನಕ ಹರಿಯತೊಡಗಿತು. ಕಿರುಬೆರಳು ಜೋಮು ಹಿಡಿಯುತ್ತದೆ, ಬಟ್ಟೆಯ ಅಂಚು ಸಿಕ್ಕಿದ್ದೂ ಗೊತ್ತಾಗುವುದಿಲ್ಲ ಎನ್ನುತ್ತಿದ್ದ. ಪ್ಯಾಂಟುಗಳಲ್ಲಿ ಎರಡೆರಡು ಗೆರೆ ಬೀಳಲು ಶುರುವಾಯಿತು. ಅವನ ಕೈಯಲ್ಲಿ ಅಂಥದ್ದು ಯಾವತ್ತೂ ಆಗಿದ್ದಿಲ್ಲ. ಒಂದು ಗೆರೆಯ ಕೂಲಿಗೆ ಎರಡು ಗೆರೆ ಕೊಡುತ್ತಿದ್ದೇವೆ, ಲಾಭ ನಿಮ್ಮದೇ ಎಂದು ನಾನು ಗಿರಾಕಿಗಳ ಬಾಯಿ ಮುಚ್ಚಿಸಿದೆ.

ಆಮೇಲೆ ಬೆವರು. ಬೇಸಿಗೆಯಲ್ಲಿ ಇಸ್ತ್ರಿ ಕೋಣೆ ಎಂದರೆ ಒಲೆಯ ಒಳಗೆ ಕೂತ ಹಾಗೆ. ಒಂದು ಮಧ್ಯಾಹ್ನ ಚಾದರದ ಗಂಟು ತೆಗೆದುಕೊಳ್ಳಲು ಒಳಗೆ ಹೋದೆ, ನೋಡುತ್ತೇನೆ, ತಮ್ಮನ ಮುಖದ ಬಲಗಡೆ ನೀರು ಸುರಿಯುತ್ತಿದೆ, ಎಡಗಡೆ ಒಣಗಿ ನುಣ್ಣಗಿದೆ. ಮೂಗಿನ ನೇರಕ್ಕೆ ಗಡಿ ಹಾಕಿದ ಹಾಗಿತ್ತು. ಎಡಗಡೆಗೆ ರಜಾ ಕೊಟ್ಟಿದ್ದೀನಿ ಅಕ್ಕ, ಪಾಪ, ಅದಕ್ಕೆ ಭುಜ ನೋವು ಎಂದ. ಅವತ್ತೇ ನಾನು ಅವನಿಗೆ ಅರ್ಧ ಮೈಗಳ್ಳ ಎಂದು ಹೆಸರಿಟ್ಟೆ. ಹೆಸರು ಬೀದಿಯಲ್ಲೆಲ್ಲ ಹರಡಿತು. ಹೋಟೆಲಿನ ಚಾದರ ತರುವವನಂತೂ, ಅವನು ದಪ್ಪಗಿರುವುದರಿಂದ ನಾವು ಅವನನ್ನು ಮೂಟೆ ಎನ್ನುತ್ತೇವೆ, ಅಡುಗೆಯವರನ್ನು ಕಾವಲಿನವರನ್ನು ಕರೆದುಕೊಂಡು ಬಂದು ಪರದೆ ಸರಿಸಿ ಈ ಅದ್ಭುತ ತೋರಿಸುತ್ತಿದ್ದ. ತಮ್ಮ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ಪ್ರದರ್ಶನ ಕೊಡುತ್ತಿದ್ದ. ಮೈಗಳ್ಳ ಎಂದರೆ ಕೆಲಸಕ್ಕೆ ಮೈ ಬಗ್ಗಿಸದವನು. ಮೈಯೊಳಗೆ ಕಳ್ಳ ಹೊಕ್ಕವನು ಎಂಬ ಅರ್ಥವನ್ನೂ ಆ ಮಾತಿನಿಂದ ಹೊರಡಿಸಬಹುದು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಇನ್ನು ಕಣ್ಣಿನ ವಿಷಯ. ಅದನ್ನು ಹೇಳಬೇಕಾದರೆ ತಮ್ಮನ ಹೆಂಡತಿಯ ವಿಷಯ ಹೇಳಬೇಕು. ನಾವು ಅವಳನ್ನು ಮೌನಗೌರಿ ಎನ್ನುತ್ತೇವೆ. ಅವಳ ತವರಿನಲ್ಲಿ ಹೌದು ಎಂದರೆ ಹೌದು, ಇಲ್ಲ ಎಂದರೆ ಇಲ್ಲ. ಅಲ್ಲಿಂದ ನಮ್ಮ ಮನೆಗೆ ಬಂದು ಬಿದ್ದಳು. ಬಂದ ಹೊಸದರಲ್ಲಿ ತಮ್ಮ, ಯಂತ್ರ ಒಂದು ಅಂಗಿ ನುಂಗಿಬಿಟ್ಟಿದೆ, ಹೊಟ್ಟೆ ಮುಟ್ಟಿ ನೋಡು ಎಂದರೆ ಇವಳು ನಿಜವಾಗಿಯೂ ಹೋಗಿ ಮುಟ್ಟಿ ನೋಡಿದ್ದಳು. ನಾವು ನಗುವಾಗ ಯಾಕೆ ನಗುತ್ತೇವೆ ಎಂದು ಒಬ್ಬೊಬ್ಬರ ಮುಖ ನೋಡಿ, ಕೊನೆಗೆ ತಾನೂ ಸ್ವಲ್ಪ ನಗುತ್ತಿದ್ದಳು. ತಮಾಷೆ ಅರ್ಥವಾಗುವುದು ಬೇರೆ, ಮಾಡುವುದು ಬೇರೆ. ಮದುವೆಯಾಗಿ ಒಂಬತ್ತು ವರ್ಷವಾದರೂ ಅವಳ ಬಾಯಿಂದ ಒಂದು ತಮಾಷೆ ಹೊರಟಿರಲಿಲ್ಲ.

ಒಂದು ಸಂಜೆ ಮೂವರೂ ಊಟಕ್ಕೆ ಕೂತಿದ್ದೆವು. ಅವಳು ತಟ್ಟೆಯಿಂದ ತಲೆ ಎತ್ತದೆ, "ಅತ್ತಿಗೆ, ಇಷ್ಟು ವರ್ಷ ಆದ್ಮೇಲೆ ಇವರಿಗೆ ನನ್ನ ಮೇಲೆ ಮನಸ್ಸಾಗಿದೆ. ಬೆಳಗ್ಗೆಯಿಂದ ಒಂದೇ ಸಮ ಕಣ್ಣು ಹೊಡೀತಿದ್ದಾರೆ" ಎಂದಳು. ನಾನು ತಮ್ಮನ ಮುಖ ನೋಡಿದೆ. ಎಡಗಣ್ಣಿನ ರೆಪ್ಪೆ ಅರ್ಧ ಇಳಿದುಕೊಂಡಿತ್ತು, ಥೇಟ್ ಕಣ್ಣು ಹೊಡೆದ ಹಾಗೆ. ನಗು ಬಂದು ನನಗೆ ಅನ್ನ ನೆತ್ತಿಗೆ ಹತ್ತಿತು. ತಮ್ಮ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ. ಒಂಬತ್ತು ವರ್ಷಕ್ಕೆ ಹೆತ್ತರೂ ಗಂಡು ಹೆತ್ತೆ ಎಂದು ನಾನು ಅವಳ ಬೆನ್ನು ತಟ್ಟಿದೆ. ಅವಳ ಕೆನ್ನೆ ಕೆಂಪಾಗಿತ್ತು. ಆ ಮನೆಯಲ್ಲಿ ಅವತ್ತು ಅವಳಷ್ಟು ಸಂತೋಷಪಟ್ಟವರು ಯಾರೂ ಇಲ್ಲ. ಮಾರನೆಯ ದಿನ ನಾನು ಅದನ್ನು ಬಂದ ಗಿರಾಕಿಗಳಿಗೆಲ್ಲ ಹೇಳಿದೆ, ಅವಳು ಪರದೆಯ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ರೆಪ್ಪೆ ಇಳಿದದ್ದು ಇಳಿದ ಹಾಗೇ ಇತ್ತು. ನಮಗೆ ರೂಢಿಯಾಯಿತು. ಆಮೇಲೆ ಬೇಸಿಗೆ ಹೋಯಿತು, ಮತ್ತೊಂದು ಬೇಸಿಗೆ ಬಂತು.

ಕೊನೆಗೆ ಒಂದು ದಿನ ಕೌಂಟರಿನ ಮುಂದೆ ಜಗಳ ಬಂತು. ಹೊಸದಾಗಿ ಬಡಾವಣೆಗೆ ಬಂದ ಒಬ್ಬ ಟೀಚರಮ್ಮ ಬಟ್ಟೆ ಕೊಡಲು ಬಂದಿದ್ದಾಗ ಕೌಂಟರಿನಲ್ಲಿ ತಮ್ಮ ಇದ್ದನಂತೆ. ಸಂಜೆ ಆಕೆಯ ಗಂಡ ತೋಳು ಮಡಚಿಕೊಂಡು ಬಂದ, ನಿಮ್ಮ ತಮ್ಮ ನನ್ನ ಹೆಂಡತಿಗೆ ಕಣ್ಣು ಹೊಡೆದ ಎಂದು. ನಾನು ತಮ್ಮನನ್ನು ಕರೆದು ಅವನ ಎದುರು ನಿಲ್ಲಿಸಿದೆ. ನೋಡಿ, ನಿಮಗೂ ಹೊಡೆಯುತ್ತಿದ್ದಾನೆ ಎಂದೆ. ಆ ಮನುಷ್ಯನಿಗೂ ನಗು ತಡೆಯಲಾಗಲಿಲ್ಲ. ಆದರೆ ಹೋಗುವಾಗ, ಇದನ್ನ ಯಾರಿಗಾದರೂ ತೋರಿಸಿ, ಎಲ್ಲರೂ ನನ್ನಂಥವರಿರಲ್ಲ ಅಂದ. ಸರಿ, ಇವನು ಕಣ್ಣು ಹೊಡೆಯುವವನಲ್ಲ ಎಂದು ಡಾಕ್ಟರ ಹತ್ತಿರ ಒಂದು ಚೀಟಿ ಬರೆಸಿ ಕೌಂಟರಿಗೆ ಅಂಟಿಸೋಣ ಎಂದು ನಾನೇ ಹೊರಡಿಸಿದೆ. ಮೌನಗೌರಿಯೂ ಬಂದಳು.

ಕಣ್ಣಿನ ಡಾಕ್ಟರು ಸಣ್ಣಗಿನ ಹೆಂಗಸು, ಕೋಣೆ ತುಂಬ ಕತ್ತಲೆ. ದೀಪವನ್ನು ಒಂದು ಕಣ್ಣಿಗೆ ಬಿಟ್ಟರು, ಇನ್ನೊಂದಕ್ಕೆ ಬಿಟ್ಟರು. ದೀಪ ಆರಿಸಿ ಪಾಪೆ ನೋಡಿದರು. ಎಡಗಡೆ ಪಾಪೆ ಚಿಕ್ಕದಾಗಿದೆ, ಕತ್ತಲೆಯಲ್ಲೂ ಹಿಗ್ಗುತ್ತಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಕಣ್ಣಿನ ವಿಷಯ ಬಿಟ್ಟು ಬೇರೇನೋ ಕೇಳಿದರು.

"ಎಡ ಭುಜ ನೋಯುತ್ತಾ?"

ಇಸ್ತ್ರಿಯವನಿಗೆ ಭುಜ ನೋಯದೆ ಹಲ್ಲು ನೋಯುತ್ತದೆಯೇ ಎಂದ ತಮ್ಮ. ಅವರು ಅವನ ಎರಡೂ ಕೈಗಳನ್ನು ಮೇಜಿನ ಮೇಲೆ ಇಡಿಸಿ ದೀಪ ಹಾಕಿದರು. ಎಡಗೈಯಲ್ಲಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಮಾಂಸ ಕರಗಿ ಹಳ್ಳ ಬಿದ್ದಿತ್ತು. ದಿನವೂ ನೋಡುವ ಕೈ, ನಾನು ಅವತ್ತೇ ನೋಡಿದ್ದು.

"ಸೆಖೆಯಲ್ಲಿ ಮುಖದ ಒಂದೇ ಕಡೆ ಬೆವರು ಬರುತ್ತಾ? ಎಡಗಡೆ ಒಣಗಿರುತ್ತಾ?"

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ತಮ್ಮ ಪುಸಕ್ಕನೆ ನಕ್ಕ, ಆಮೇಲೆ ನಾನು, ಆಮೇಲೆ ಮೌನಗೌರಿ ಸೆರಗು ಬಾಯಿಗೆ ಒತ್ತಿಕೊಂಡಳು. ನಮ್ಮ ಬೀದಿಯ ತಮಾಷೆ ಈ ಡಾಕ್ಟರಮ್ಮನ ಕಿವಿಗೆ ಹೇಗೆ ಬಿತ್ತು? ಮೂಟೆ ಇಲ್ಲಿಗೂ ಬಂದು ಹೇಳಿದ್ದಾನಾ ಎಂದು ತಮ್ಮ ಕೇಳಿದ. ಡಾಕ್ಟರು ನಗಲಿಲ್ಲ. ನಮ್ಮದು ಮುಗಿಯುವ ತನಕ ಕೈ ಕಟ್ಟಿಕೊಂಡು ಕಾದರು. ಆ ಕಾಯುವಿಕೆಯಲ್ಲೇ ನನ್ನ ನಗು ಸತ್ತಿತು.

ಇದು ಕಣ್ಣಿನ ಕಾಯಿಲೆ ಅಲ್ಲ ಎಂದರು. ಕಣ್ಣಿನ ರೆಪ್ಪೆಗೂ ಮುಖದ ಬೆವರಿಗೂ ಹೋಗುವ ನರ ಎದೆಯ ಮೇಲ್ಭಾಗದಲ್ಲಿ, ಶ್ವಾಸಕೋಶದ ತುದಿಯ ಪಕ್ಕದಲ್ಲೇ ಹಾದು ಬರುತ್ತದಂತೆ. ತೋಳಿಗೆ ಹೋಗುವ ನರಗಳೂ ಅಲ್ಲೇ ಇವೆಯಂತೆ. ಅಲ್ಲಿ ಏನೋ ಬೆಳೆದು ಎಲ್ಲವನ್ನೂ ಒತ್ತುತ್ತಿರಬಹುದು, ಇವತ್ತೇ ಎದೆಯ ಎಕ್ಸ್‌ರೇ ತೆಗೆಸಿ, ನಾಳೆ ಅನ್ನಬೇಡಿ ಎಂದರು.

"ಅವನಿಗೆ ಕೆಮ್ಮೇ ಇಲ್ಲ ಡಾಕ್ಟ್ರೇ. ಸಿಗರೇಟು ಮುಟ್ಟಿದವನಲ್ಲ. ನಾನು ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದಿದ್ದೀನಿ."

"ಸೇದದೇ ಇದ್ದೋರಿಗೂ ಬರುತ್ತೆ. ಈ ಜಾಗದಲ್ಲಿ ಬೆಳೆದ್ರೆ ಕೆಮ್ಮು ಎಷ್ಟೋ ದಿನ ಕಾಣಿಸ್ಕೊಳ್ಳಲ್ಲ" ಎಂದರು. ಏನು ಬರುತ್ತದೆ ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕೆಮ್ಮಿಲ್ಲ, ಕೆಮ್ಮಿಲ್ಲ ಎಂದು ಎಕ್ಸ್‌ರೇ ತೆಗೆಯುವವನಿಗೂ ಹೇಳಿದೆ, ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಚೀಟಿ ಕೊಡುವವನಿಗೂ ಹೇಳಿದೆ. ಯಾರೂ ಅದಕ್ಕೆ ಬೆಲೆ ಕೊಡಲಿಲ್ಲ. ಸ್ಕ್ಯಾನ್ ಆಯಿತು. ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಅಪ್ಪನದೇ ಕಾಯಿಲೆ, ಎಡ ಶ್ವಾಸಕೋಶದ ನೆತ್ತಿಯಲ್ಲಿ. ಇನ್ನು ಉಳಿದದ್ದು ಒಂದೇ ಪ್ರಶ್ನೆ, ಅದನ್ನು ಕತ್ತರಿಸಿ ತೆಗೆಯಲು ಬರುತ್ತದೋ ಇಲ್ಲವೋ. ಬಂದರೆ ತಮ್ಮ ಉಳಿಯಬಹುದು, ಬಾರದಿದ್ದರೆ ಇಲ್ಲ. ಆಪರೇಷನ್ ಮಾಡುವ ಡಾಕ್ಟರು ಎಲ್ಲ ಚಿತ್ರಗಳನ್ನೂ ನೋಡಿ ಹೇಳುತ್ತಾರೆ ಎಂದು ಒಂದು ವಾರ ಕಾಯಿಸಿದರು.

ಆ ವಾರ ತಮ್ಮ ಎಂದಿಗಿಂತ ಜಾಸ್ತಿ ಮಾತಾಡಿದ. ಎಡಗಡೆಯದು ರಜಾ ಕೇಳಿದಾಗಲೇ ನನಗೆ ಅನುಮಾನ ಇತ್ತು, ಇದು ಕೆಲಸವನ್ನೇ ಬಿಡುವ ಯೋಚನೆಯಲ್ಲಿದೆ ಅಂದ. ಸ್ಕ್ಯಾನ್ ಯಂತ್ರವನ್ನು ನೋಡಿ, ನಮ್ಮ ಒಗೆಯುವ ಯಂತ್ರದ ದೊಡ್ಡಪ್ಪ ಅಂದ. ನಾನು ಮಾತಿಗೆ ಮಾತು ಕೊಟ್ಟೆ, ಕೊಡದಿದ್ದರೆ ನಾನು ಹೆದರಿರುವುದು ಅವನಿಗೆ ತಿಳಿದುಬಿಡುತ್ತದೆ ಎಂಬ ಭಯಕ್ಕೆ. ಎಲ್ಲ ಅವನಿಗೆ ತಿಳಿದೇ ಇತ್ತು, ಅದು ಬೇರೆ ಮಾತು. ಮೌನಗೌರಿ ಮಾತ್ರ ಮತ್ತೆ ಮೊದಲಿನ ಹಾಗಾದಳು. ನಾವು ನಕ್ಕರೆ ನಮ್ಮ ಮುಖ ನೋಡುತ್ತಿದ್ದಳು, ತಾನು ನಗುತ್ತಿರಲಿಲ್ಲ.

ಆಪರೇಷನ್ ಡಾಕ್ಟರು ದೊಡ್ಡ ದೇಹದ, ಮೆತ್ತಗಿನ ದನಿಯ ಮನುಷ್ಯ. ಮೂವರನ್ನೂ ಕೂರಿಸಿದರು. ಮೊದಲು ಎಲ್ಲ ವಿವರ ಬೇಕು, ಒಂದೊಂದಾಗಿ ಹೇಳಿ ಎಂದರು. ಭುಜದ ನೋವು ಯಾವಾಗಿಂದ? ತಾರೀಖು ಯಾರಿಗೆ ನೆನಪಿರುತ್ತದೆ. ಲಾಭ ನಿಮ್ಮದೇ ಎಂದು ನಾನು ಬಾಯಿ ಮುಚ್ಚಿಸಿದ ಗಿರಾಕಿಗಳಲ್ಲಿ ಒಬ್ಬ ಮಗಳ ಮದುವೆಯ ಬಟ್ಟೆ ತಂದಿದ್ದ, ಅದಕ್ಕೂ ಸ್ವಲ್ಪ ಮೊದಲು ಎಂದೆ. ಬೆವರು ಯಾವಾಗಿಂದ? ಅರ್ಧ ಮೈಗಳ್ಳ ಎಂದು ಹೆಸರಿಟ್ಟದ್ದು ಹೋದ ಬೇಸಿಗೆ. ನಮ್ಮ ಮನೆಯ ನಗುವನ್ನೆಲ್ಲ ಒಂದೊಂದಾಗಿ ಎತ್ತಿ ಅವರ ಮೇಜಿನ ಮೇಲೆ ಇಟ್ಟೆವು, ಅವರು ಒಂದೊಂದನ್ನೂ ಕಾಯಿಲೆಯ ಹೆಸರಿನಲ್ಲಿ ಬರೆದುಕೊಂಡರು.

"ರೆಪ್ಪೆ ಇಳಿದದ್ದು?"

ನಾನು ನೆಲ ನೋಡಿದೆ. ತಮ್ಮ ಗೋಡೆ ನೋಡಿದ. ಮೂವರಿಗೂ ಗೊತ್ತಿತ್ತು, ಯಾವ ಸಂಜೆ, ಯಾರು ಎಲ್ಲಿ ಕೂತಿದ್ದೆವು ಎನ್ನುವುದೂ ಗೊತ್ತಿತ್ತು.

"ಹೋದ ವರ್ಷ, ಬೇಸಿಗೆ ಮುಗಿಯೋ ಹೊತ್ತಿಗೆ" ಎಂದಳು ಮೌನಗೌರಿ. "ನಾನೇ ಮೊದಲು ನೋಡಿದ್ದು."

ಡಾಕ್ಟರು ಅದನ್ನೂ ಬರೆದುಕೊಂಡರು. ಆಮೇಲೆ ಚಿತ್ರಗಳನ್ನು ಬೆಳಕಿಗೆ ಹಿಡಿದು, ಗಡ್ಡೆ ಬೆನ್ನುಮೂಳೆಯ ಒಳಕ್ಕೆ ಹೋಗಿದೆ, ಯಕೃತ್ತಿನಲ್ಲೂ ಚುಕ್ಕೆಗಳಿವೆ, ಕತ್ತರಿಸಿ ಪ್ರಯೋಜನವಿಲ್ಲ ಎಂದರು. ನೋವು ಕಡಿಮೆಯಾಗಲು ಕಿರಣದ ಚಿಕಿತ್ಸೆ ಕೊಡುತ್ತೇವೆ, ಔಷಧಿ ಕೊಡುತ್ತೇವೆ ಎಂದರು. ಅಲ್ಲಿಗೆ ಸುಮ್ಮನಾಗಬೇಕಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲ ಮಾತು ಯಾಕೆ. ನನ್ನ ನಾಲಗೆ ಕೇಳಲಿಲ್ಲ.

"ಹೋದ ವರ್ಷವೇ ಬಂದಿದ್ರೆ?"

ಡಾಕ್ಟರು ನಮ್ಮ ಮೂವರ ಮುಖವನ್ನೂ ನೋಡಿದರು. ಸುಳ್ಳು ಹೇಳುತ್ತಾರೆ ಎಂದು ಒಂದು ಗಳಿಗೆ ಆಸೆಪಟ್ಟೆ.

"ಆಗ ನೋಡಬಹುದಿತ್ತು" ಎಂದರು.

ಮೌನಗೌರಿ ಎದ್ದು ಹೊರಗೆ ಹೋದಳು. ಅಳುತ್ತಾಳೆ ಎಂದುಕೊಂಡು ಹಿಂದೆ ಹೋದೆ. ಅಳುತ್ತಿರಲಿಲ್ಲ. ಗೋಡೆಗೆ ಹಾಕಿದ ಬಣ್ಣದ ಫಲಕದ ಎದುರು ನಿಂತು ಓದುತ್ತಿದ್ದಳು. ಶ್ವಾಸಕೋಶದ ಕ್ಯಾನ್ಸರಿನ ಲಕ್ಷಣಗಳು ಎಂದು ಮೇಲೆ ದಪ್ಪ ಅಕ್ಷರ. ಕೆಮ್ಮು, ಕಫದಲ್ಲಿ ರಕ್ತ, ಉಸಿರು ಕಟ್ಟುವುದು, ತೂಕ ಇಳಿಯುವುದು, ದನಿ ಒಡೆಯುವುದು. ಭುಜದ ನೋವು ಕೊನೆಯ ಸಾಲಿನಲ್ಲಿತ್ತು. ಇದರಲ್ಲಿ ಕಣ್ಣು ಇಲ್ಲ ಅತ್ತಿಗೆ, ಇಲ್ಲಿ ಬರೆದಿಲ್ಲ ನೋಡಿ ಎಂದಳು. ನಾನೂ ನೋಡಿದೆ, ನಿಜ, ಇರಲಿಲ್ಲ. ಆ ಫಲಕ ಬರೆದವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಪ್ಪನ ಮೇಲೂ ಬಂತು. ಅಷ್ಟು ಜೋರಾಗಿ ಕೆಮ್ಮಿ ಸತ್ತು, ಈ ಕಾಯಿಲೆಗೆ ಒಂದೇ ಬಾಗಿಲು ಎಂದು ನಮ್ಮನ್ನು ನಂಬಿಸಿದವನು ಅವನು. ಸತ್ತವನ ಮೇಲೆ ಸಿಟ್ಟು ಮಾಡಿ ಏನು ಸಿಗುತ್ತದೆ, ಏನೂ ಇಲ್ಲ. ಆದರೂ ಮನೆಗೆ ಬಂದು ಅವನ ಫೋಟೋವನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟೆ.

ಕಿರಣದ ಚಿಕಿತ್ಸೆಗೆ ದಿನವೂ ಹೋಗಬೇಕಿತ್ತು. ಆಗ ಒಂದು ಹೊಸ ಸಂಕಟ ಶುರುವಾಯಿತು. ತಮ್ಮ ಮಾತು ಕಡಿಮೆ ಮಾಡಿದ್ದ, ಆದರೆ ಅವನ ಮುಖ ತಮಾಷೆ ಬಿಟ್ಟಿರಲಿಲ್ಲ. ರೆಪ್ಪೆ ಇನ್ನಷ್ಟು ಇಳಿದಿತ್ತು. ನೋವು ತಡೆಯಲಾಗುತ್ತಿಲ್ಲ ಎಂದು ನರ್ಸಿಗೆ ಹೇಳಿದರೆ ಆಕೆ ಮುಗುಳ್ನಕ್ಕು, ನಿಮಗೇನ್ರೀ, ಚೆನ್ನಾಗಿದ್ದೀರ ಎನ್ನುತ್ತಿದ್ದಳು. ಸಾಲಿನಲ್ಲಿ ಕೂತ ಒಂದು ಮಗು ಅವನನ್ನು ನೋಡಿ ತಾನೂ ಕಣ್ಣು ಹೊಡೆಯಿತು. ತಾಯಿ ನಕ್ಕಳು, ಅವನು ತಲೆ ತಗ್ಗಿಸಿ ಕೂತ. ಅವನು ಏನು ಹೇಳಿದರೂ ಆ ಕಣ್ಣು ಪಕ್ಕದಲ್ಲಿ ನಿಂತು, ಇವನ ಮಾತು ನಂಬಬೇಡಿ ಎಂದು ಹೇಳುತ್ತಿದ್ದ ಹಾಗಿತ್ತು.

ಮನೆಯಲ್ಲಿ ಮೌನಗೌರಿ ಅವನನ್ನು ನೋಡುವುದನ್ನೇ ಬಿಟ್ಟಳು. ಮೈ ಒರೆಸುತ್ತಾಳೆ, ಅಂಗಿಯ ತೋಳಿಗೆ ಆ ಬತ್ತಿದ ಕೈಯನ್ನು ತೂರಿಸುತ್ತಾಳೆ, ಊಟ ಮಾಡಿಸುತ್ತಾಳೆ, ಎಲ್ಲವೂ ಕತ್ತಿನಿಂದ ಕೆಳಗೆ ನೋಡಿಕೊಂಡು. ಒಮ್ಮೆ ಅವನು, ನೀನು ಹೇಳಿದ್ದು ಸುಳ್ಳಲ್ಲ ಕಣೇ, ನಿಜವಾಗ್ಲೂ ನಿನಗೇ ಹೊಡೆದದ್ದು ಎಂದ. ಅವಳನ್ನು ಹೇಗಾದರೂ ಬದುಕಿಸಬೇಕು ಎಂದು ಹೇಳಿದ ಮಾತು ಅದು. ಅವಳು ಎಂಜಲು ಕೈಯಲ್ಲೇ ಎದ್ದು ಕೆಳಗೆ ಇಳಿದು, ಇಸ್ತ್ರಿ ಪೆಟ್ಟಿಗೆ ಕಾಯಲು ಹಾಕಿ, ಆಗಲೇ ಇಸ್ತ್ರಿಯಾಗಿ ಮಡಿಸಿಟ್ಟಿದ್ದ ಚಾದರಗಳನ್ನು ಬಿಚ್ಚಿ ಮತ್ತೆ ಇಸ್ತ್ರಿ ಮಾಡತೊಡಗಿದಳು. ನಾನು ತಡೆಯಲಿಲ್ಲ. ತಡೆದು ಏನು ಕೆಲಸ ಕೊಡಲಿ ಅವಳಿಗೆ.

ಚಿಕಿತ್ಸೆ ಮುಗಿಯಿತು. ನೋವು ಸ್ವಲ್ಪ ತಗ್ಗಿತು, ಅವನು ಅದಕ್ಕಿಂತ ಜಾಸ್ತಿ ತಗ್ಗಿದ. ಹಗಲು ಹೊತ್ತು ಮೇಲೆ ಒಬ್ಬನೇ ಮಲಗಲಾರೆ ಎಂದು ಕೌಂಟರಿನ ಪಕ್ಕ, ನನ್ನ ಹತ್ತಿರ, ದಿಂಬು ಒರಗಿಸಿದ ಕುರ್ಚಿಯಲ್ಲಿ ಕೂರುತ್ತಿದ್ದ. ಒಂದು ಮಧ್ಯಾಹ್ನ ಮೂಟೆ ಚಾದರದ ಗಂಟು ತಂದು ಇಳಿಸಿದ. ಅವನು ರಜೆಯಲ್ಲಿ ಎಲ್ಲೋ ಹೋಗಿದ್ದವನು, ಇವನನ್ನು ನೋಡಿ ಬಹಳ ದಿನವಾಗಿತ್ತು. ಕಾಯಿಲೆ ಎಂದು ಗೊತ್ತಿತ್ತು, ಎಷ್ಟು ಎಂದು ಗೊತ್ತಿರಲಿಲ್ಲ. ಏನಪ್ಪ ಅರ್ಧ ಮೈಗಳ್ಳ, ಈಗ ಪೂರ್ತಿ ಆಗಿಬಿಟ್ಯಾ, ಯಾವಾಗ ಕೆಲಸಕ್ಕೆ ಎಂದು ಕೇಳಿದ.

"ಇನ್ನಿಲ್ಲ" ಎಂದ ತಮ್ಮ. "ನಾನು ಬದುಕೋದಿಲ್ಲ ಕಣೋ."

ಮೂಟೆ ಅವನ ಮುಖ ನೋಡಿದ. ನೋಡಿ ಗಹಗಹಿಸಿ ನಕ್ಕ. ನೀನು ನಮ್ಮನ್ನೆಲ್ಲ ಹೂತು ಆಮೇಲೆ ಹೋಗೋನು ಎಂದು ಅವನ ಎಡ ಭುಜದ ಮೇಲೆ ಒಂದು ಏಟು ಹಾಕಿ, ಒಗೆದ ಗಂಟು ಎತ್ತಿಕೊಂಡು ಹೋದ. ತಮ್ಮನ ತುಟಿ ನೋವಿಗೆ ಬಿಳುಪಾಯಿತು. ಪರದೆಯ ಹಿಂದೆ ಪೆಟ್ಟಿಗೆ ಓಡುವ ಸದ್ದು ನಿಂತಿತು.

ಉಸಿರು ತಿರುಗಿದ ಮೇಲೆ ಅವನು ನನ್ನ ಕಡೆಗೆ ತಿರುಗಿದ.

"ಅಕ್ಕ, ನನಗೆ ಸಾಯೋಕೆ ಇಷ್ಟ ಇಲ್ಲ."

ಅವನ ಎಡಗಣ್ಣು ಎಂದಿನ ಹಾಗೆ ಅರ್ಧ ಮುಚ್ಚಿಕೊಂಡು ನನ್ನನ್ನು ನೋಡುತ್ತಿತ್ತು. ಅವನು ಹುಟ್ಟಿದಾಗಿನಿಂದ ಅವನ ಮಾತಿಗೆ ನಕ್ಕು ನಕ್ಕು ರೂಢಿಯಾದ ನನ್ನ ತುಟಿಗಳು, ನಾನು ಬೇಡ ಬೇಡ ಎನ್ನುವಷ್ಟರಲ್ಲಿ, ಮೇಲಕ್ಕೆ ಹೋಗಿಬಿಟ್ಟಿದ್ದವು. ಅದನ್ನು ಅವನು ನೋಡಿದ.

"ತಮಾಷೆ ಅಲ್ಲ ಅಕ್ಕ" ಎಂದ, ಚಿಕ್ಕ ದನಿಯಲ್ಲಿ.

ಎದ್ದು ಹೋಗಿ ಅವನ ಎದುರು ಮಂಡಿಯೂರಿದೆ. ಅಂಗೈಯಿಂದ ಆ ಎಡಗಣ್ಣನ್ನು ಮುಚ್ಚಿದೆ. ಅಂಗೈ ಕೆಳಗೆ ಆ ಅರ್ಧ ಮುಖ ಒಣಗಿತ್ತು, ಬೆಚ್ಚಗಿತ್ತು. ಆಗ ಉಳಿದ ಒಂದು ಕಣ್ಣು ಮಾತ್ರ ಕಾಣಿಸಿತು. ಅದರಲ್ಲಿ ನಗು ಇರಲಿಲ್ಲ. ಜಾತ್ರೆ ಜನದ ನಡುವೆ ಕೈ ತಪ್ಪಿದ ಮಗುವಿನ ಕಣ್ಣು ಅದು, ಅಷ್ಟು ಹೆದರಿತ್ತು. ಈ ಹೆದರಿಕೆ ಯಾವಾಗಿಂದ ಎಂದು ಆ ಆಪರೇಷನ್ ಡಾಕ್ಟರು ಕೇಳಿದ್ದರೆ, ನಮ್ಮಲ್ಲಿ ಯಾರಿಗೂ ಹೇಳಲು ಬರುತ್ತಿರಲಿಲ್ಲ.